ನಿಂತಲ್ಲೇ ನಿಲ್ಲುವ ಕಾರು

ಕಾರು ಕೊಳ್ಳಲು ಹೋದವರನ್ನು ಷೋರೂಮಿನವರು ಮೊದಲು ಕೇಳುವುದು, ತಿಂಗಳಿಗೆ ಎಷ್ಟು ಓಡಿಸುತ್ತೀರಿ ಎಂದು. ಓಡಾಟ ಹೆಚ್ಚಿದ್ದರೆ ಡೀಸೆಲ್, ಕಡಿಮೆಯಿದ್ದರೆ ಪೆಟ್ರೋಲ್, ಊರೊಳಗೇ ಆದರೆ ಕರೆಂಟಿನದು ಎಂದು ಅವರ ಲೆಕ್ಕ ಸಿದ್ಧವಾಗಿರುತ್ತದೆ. ಆಮೇಲೆ ಲೀಟರಿಗೆ ಎಷ್ಟು ಕೊಡುತ್ತದೆ, ಎಸಿ ಹಾಕಿಕೊಂಡು ಘಾಟಿ ಹತ್ತುತ್ತದೆಯೇ, ಹಿಂದಿನ ಸೀಟಿನಲ್ಲಿ ಮೂವರು ಕೂರಬಹುದೇ ಎಂಬ ವಿಚಾರಣೆ. ಎಲ್ಲವೂ ಓಟದ ಮಾತು. ವರ್ಷದಲ್ಲಿ ಎಷ್ಟು ದಿನ ನಿಂತಿರುತ್ತದೆ ಎಂದು ಕೇಳಿದ ಒಬ್ಬ ಮಾರಾಟಗಾರನನ್ನೂ ನಾನು ಕಂಡಿಲ್ಲ. ನಮ್ಮ ಕಡೆಯ ಎಷ್ಟೋ ಕಾರುಗಳ ಆಯುಷ್ಯದ ಬಹುಪಾಲು ಕಳೆಯುವುದು ನಿಲ್ಲುವುದರಲ್ಲೇ.

ನಮ್ಮ ಕಡೆ ಎಂದರೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಸೀಮೆ. ಅತ್ತ ಸಾಗರ, ಸಿದ್ದಾಪುರ, ಸಿರ್ಸಿಗೆ ಹೋದರೂ ಚಿತ್ರ ಬೇರೆಯಲ್ಲ. ದೊಡ್ಡ ಮನೆ, ಹಿಂದೆ ಅಡಿಕೆ ತೋಟ, ಒಳಗೆ ಇಬ್ಬರೋ ಒಬ್ಬರೋ ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಕಡಲಾಚೆ. ಅಂಗಳದ ಮೂಲೆಯಲ್ಲಿ ಶೀಟು ಹೊದೆಸಿದ ಶೆಡ್ಡು, ಅದರಡಿ ಒಂದು ಕಾರು. ದೀಪಾವಳಿಗೆ, ತಿಥಿಗೆ, ನೆಂಟರ ಮನೆಯ ಮದುವೆಗೆ ಅದು ಹೊರಗೆ ಬರುತ್ತದೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ನಾಲ್ಕು ಸಲ ಪೇಟೆಗೆ ಹೋಗಿ ಬರುತ್ತದೆ. ಉಳಿದಂತೆ ಅದಕ್ಕೆ ಕೆಲಸವಿಲ್ಲ.

ಹಾಗಾದರೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬಾಡಿಗೆ ಕಾರು ಕರೆದರೆ ಆಗುವುದಿಲ್ಲವೇ ಎಂದು ಬೆಂಗಳೂರಿನ ಗೆಳೆಯರು ಲೆಕ್ಕ ಹಾಕಿ ತೋರಿಸುತ್ತಾರೆ. ಅವರ ಲೆಕ್ಕ ತಪ್ಪಲ್ಲ. ವಿಮೆ, ಸರ್ವೀಸು, ಹೂಡಿದ ಹಣದ ಬಡ್ಡಿ ಎಲ್ಲ ಕೂಡಿದರೆ ಆ ದುಡ್ಡಿನಲ್ಲಿ ಎಷ್ಟೋ ಸಲ ಬಾಡಿಗೆ ಕಾರಿನಲ್ಲಿ ಓಡಾಡಬಹುದು. ಆದರೆ ಆ ಲೆಕ್ಕದಲ್ಲಿ ಆಷಾಢದ ರಾತ್ರಿ ಇಲ್ಲ. ನಮ್ಮ ಮನೆ ಆಗುಂಬೆಯ ರಸ್ತೆಯಿಂದ ಸಾಕಷ್ಟು ಒಳಗಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,500 ಮಿಲಿಮೀಟರ್ ಮಳೆ. ಅಂಥ ರಾತ್ರಿಯಲ್ಲಿ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ಮೊಬೈಲ್ ಟವರು ಸುಮ್ಮನಾಗುತ್ತದೆ. 2008ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಇದೆ, ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಅದನ್ನು ಕರೆಯಲು ಫೋನು ಬೇಕು, ಅದು ಬರಲು ದಾರಿ ಬೇಕು. ಎದೆ ಹಿಡಿದುಕೊಂಡವರನ್ನು ತೀರ್ಥಹಳ್ಳಿಗೆ, ಅಲ್ಲಿಂದ ಆಚೆಗೆ ಶಿವಮೊಗ್ಗಕ್ಕೋ, ಘಾಟಿಯ ಹದಿನಾಲ್ಕು ತಿರುವು ಇಳಿದು ಮಣಿಪಾಲಕ್ಕೋ ಮುಟ್ಟಿಸಬೇಕಾದಾಗ ಅಂಗಳದಲ್ಲಿ ನಿಂತಿರುವ ಗಾಡಿಗೆ ಬೆಲೆ ಕಟ್ಟಲಾಗುವುದಿಲ್ಲ. ಕೀಲಿ ತಿರುಗಿಸಿದಾಗ ಅದು ಹೊತ್ತಿಕೊಳ್ಳಬೇಕು, ಅಷ್ಟೇ. ವರ್ಷವೆಲ್ಲ ನಿಲ್ಲುವ ಕಾರನ್ನು ಆರಿಸುವುದು ಎಂದರೆ ಆ ಒಂದು ರಾತ್ರಿಗೆ ಕಾರನ್ನು ಆರಿಸುವುದು.

ಅಮ್ಮ ಮತ್ತು ಚಿಕ್ಕಪ್ಪ ಇಬ್ಬರೇ ಇರುವ ಮನೆಗೆ ಕಾರು ನೋಡುವ ಹೊಣೆ ನನ್ನ ಮೇಲೆ ಬಂದಾಗ ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕ ಮೆಕ್ಯಾನಿಕ್‌ಗಳನ್ನೆಲ್ಲ ಮಾತಿಗೆಳೆದೆ. ಮುಖ್ಯವಾಗಿ ತಿಳಿದದ್ದು ಇದು: ನಿಂತ ಕಾರು ಸುಮ್ಮನೆ ನಿಂತಿರುವುದಿಲ್ಲ. ಒಳಗೆ ಒಂದಲ್ಲ ಒಂದು ಕಳೆದುಹೋಗುತ್ತಲೇ ಇರುತ್ತದೆ. ಟೈರಿನ ಗಾಳಿ, ಪೆಟ್ರೋಲಿನ ಸತ್ವ, ರಬ್ಬರಿನ ಮೆದುತನ, ಬ್ಯಾಟರಿಯ ಚಾರ್ಜು. ಓಡುವ ಕಾರು ಸವೆಯುವ ಬಗೆಗೂ ನಿಲ್ಲುವ ಕಾರು ಕೆಡುವ ಬಗೆಗೂ ಸಂಬಂಧವೇ ಇಲ್ಲ. ಆದ್ದರಿಂದ ಓಡಿಸಿ ನೋಡಿ ಒಳ್ಳೆಯದೆಂದು ಹೇಳಿದ ಕಾರು ನಿಲ್ಲಿಸಿಡಲು ಒಳ್ಳೆಯದಾಗಿರಲೇಬೇಕು ಎಂದಿಲ್ಲ.

ಬ್ಯಾಟರಿಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ಎರಡು ತಗಡುಗಳ ನಡುವೆ ಬಟ್ಟೆಯಿಟ್ಟು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಮೊದಲ ಬ್ಯಾಟರಿ ಅದು. ನೂರ ಅರವತ್ತಕ್ಕೂ ಹೆಚ್ಚು ವರ್ಷ ಕಳೆದರೂ ನಮ್ಮ ಕಾರುಗಳನ್ನು ಎಬ್ಬಿಸುವುದು ಅದೇ ಸೀಸ, ಅದೇ ಆಮ್ಲ. ಪೂರ್ತಿ ತುಂಬಿದಾಗ ಅದು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಅರ್ಧ ವೋಲ್ಟಿನೊಳಗೆ ಇಷ್ಟೆಲ್ಲ ಅಡಗಿದೆ ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಬ್ಯಾಟರಿಯ ತಂತಿ ಕಳಚಿ ಪಕ್ಕಕ್ಕಿಟ್ಟರೆ ಅದು ತನ್ನಷ್ಟಕ್ಕೆ ತಿಂಗಳಿಗೆ ನೂರಕ್ಕೆ ಮೂರರಿಂದ ಐದು ಪಾಲು ಕಳೆದುಕೊಳ್ಳುತ್ತದೆ, ಸೆಖೆಯಿದ್ದರೆ ಇನ್ನೂ ಹೆಚ್ಚು. ಅದು ದೊಡ್ಡ ನಷ್ಟವಲ್ಲ. ಕಾರಿಗೆ ಜೋಡಿಸಿಯೇ ಇಟ್ಟಾಗ ಕಥೆ ಬೇರೆ. ಕೀಲಿ ತೆಗೆದು ಬಾಗಿಲು ಹಾಕಿ ಬಂದ ಮೇಲೂ ಈಗಿನ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ ನಡೆಯಬೇಕು, ರಿಮೋಟಿನ ಕರೆಗೆ ಕಿವಿ ತೆರೆದಿರಬೇಕು, ಕಳ್ಳರ ಅಲಾರಂ ಎಚ್ಚರವಿರಬೇಕು, ಎಂಜಿನ್ನಿನ ಕಂಪ್ಯೂಟರು ತನ್ನ ನೆನಪು ಉಳಿಸಿಕೊಳ್ಳಬೇಕು. ಇದಕ್ಕೆಲ್ಲ 20ರಿಂದ 50 ಮಿಲಿಆಂಪಿಯರ್ ಸಾಕು. ಸಣ್ಣ ಕಾರಿನಲ್ಲಿ ಸಾಮಾನ್ಯವಾಗಿ ಇರುವುದು 35 ಆಂಪಿಯರ್-ಅವರಿನ ಬ್ಯಾಟರಿ. ನಡುವಿನ 30 ಮಿಲಿಆಂಪಿಯರ್ ಎಂದೇ ಇಟ್ಟುಕೊಂಡರೆ ದಿನಕ್ಕೆ 0.72 ಆಂಪಿಯರ್-ಅವರ್ ಖರ್ಚು. ಒಂದು ತಿಂಗಳಿಗೆ 21ಕ್ಕೂ ಮಿಕ್ಕಿ. ಅಂದರೆ ಯಾರೂ ಮುಟ್ಟದೆ, ದೀಪ ಹಚ್ಚದೆ, ರೇಡಿಯೋ ಹಾಕದೆ, ಮೂವತ್ತು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಬರಿದು. ಇನ್ನೊಂದು ಹದಿನೈದು ದಿನ ಕಳೆದರೆ ಕೀಲಿ ತಿರುಗಿಸಿದಾಗ ಟಕಟಕ ಸದ್ದು ಮಾತ್ರ. ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಕೂತ ಸೀಸದ ಸಲ್ಫೇಟು ಮಳೆಗಾಲದಲ್ಲಿ ಭರಣಿಯ ತಳದ ಉಪ್ಪು ಕಟ್ಟಿಕೊಂಡ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಮೊದಲಿನ ಬ್ಯಾಟರಿಯಲ್ಲ. 2020ರ ಮಾರ್ಚಿನ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿ ಕೂತಿತಲ್ಲ, ಬೀಗ ತೆಗೆದ ಮೇಲೆ ಊರೂರಿನ ಕಾರುಗಳು ಈ ಪಾಠವನ್ನು ಒಟ್ಟಿಗೇ ಕಲಿಸಿದವು.

ಇಲ್ಲಿಂದಲೇ ನನ್ನ ಮೊದಲ ತೀರ್ಮಾನ ಹುಟ್ಟಿತು. ನಿಲ್ಲುವ ಕಾರಿನಲ್ಲಿ ಎಚ್ಚರವಾಗಿರುವ ಸಲಕರಣೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಮೊಬೈಲಿನಿಂದಲೇ ಕಾರು ಎಲ್ಲಿದೆ ಎಂದು ನೋಡುವ, ದೂರದಿಂದಲೇ ಎಸಿ ಹಾಕುವ ಅನುಕೂಲಗಳು ಪಟ್ಟಣದಲ್ಲಿ ಇರಲಿ. ಅವುಗಳಿಗಾಗಿ ಕಾರಿನೊಳಗಿನ ಒಂದು ಸಿಮ್ ಸದಾ ಮಾತಾಡುತ್ತಲೇ ಇರಬೇಕು. ಕಾಡಿನ ನಡುವೆ, ನೆಟ್‌ವರ್ಕ್ ಇಲ್ಲದ ಅಂಗಳದಲ್ಲಿ ಅದಕ್ಕೆ ಯಾರು ಉತ್ತರ ಕೊಡಬೇಕು? ಒಂದೇ ಮಾದರಿಯಲ್ಲಿ ಕೆಳಗಿನ ದರ್ಜೆ, ಮೇಲಿನ ದರ್ಜೆ ಎಂದು ಇರುತ್ತವಲ್ಲ, ನಿಲ್ಲಿಸಿಡುವವರು ಕೆಳಗಿನದನ್ನೋ ಅದರ ಮೇಲಿನದನ್ನೋ ಧೈರ್ಯವಾಗಿ ತೆಗೆದುಕೊಳ್ಳಬೇಕು. ಪ್ರಾಣಕ್ಕೆ ಬೇಕಾದ ಎಬಿಎಸ್, ಮುಂದಿನ ಎರಡು ಏರ್‌ಬ್ಯಾಗು ಈಗ ಕಾನೂನಿನ ಪ್ರಕಾರ ಎಲ್ಲ ದರ್ಜೆಯಲ್ಲೂ ಇವೆ.

ಗೇರಿನ ವಿಚಾರವೂ ಇದಕ್ಕೇ ಸೇರಿದ್ದು. ಮಲೆನಾಡಿನವರಿಗೆ ಇಳಿಜಾರು ಎಂಬುದು ಒಂದು ಆಸ್ತಿ. ಹಳೆಯ ಜೀಪುಗಳನ್ನು ಮೂತಿ ಕೆಳಗೆ ಮಾಡಿಯೇ ನಿಲ್ಲಿಸುತ್ತಿದ್ದರು. ಬ್ಯಾಟರಿ ಇಳಿದಿದ್ದರೆ ನಾಲ್ಕು ಜನ ಸೇರಿ ತಳ್ಳಿ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಹೊತ್ತಿಕೊಳ್ಳುತ್ತಿತ್ತು. ಮ್ಯಾನ್ಯುವಲ್ ಗೇರಿನ ಪೆಟ್ರೋಲ್ ಕಾರಿಗೆ ಈ ಉಪಾಯ ಇಂದಿಗೂ ಸಲ್ಲುತ್ತದೆ, ಆದರೆ ಬ್ಯಾಟರಿಯಲ್ಲಿ ಸ್ವಲ್ಪವಾದರೂ ಜೀವ ಉಳಿದಿರಬೇಕು. ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪೂ ಓಡುವುದಿಲ್ಲ, ಕಂಪ್ಯೂಟರೂ ಏಳುವುದಿಲ್ಲ. ಆಟೋಮ್ಯಾಟಿಕ್ ಕಾರಿಗೆ ಆ ಬಾಗಿಲೇ ಇಲ್ಲ. ಅದರಲ್ಲೇ ಒಂದು ಬಗೆಯಾದ ಎಎಂಟಿ ಕಾರನ್ನು ಗೇರಿನಲ್ಲಿ ನಿಲ್ಲಿಸಿದಾಗ ಬ್ಯಾಟರಿ ಸತ್ತರೆ ನ್ಯೂಟ್ರಲ್‌ಗೆ ತರುವುದೇ ಒಂದು ಸಾಹಸ, ಶೆಡ್ಡಿನಿಂದ ಆಚೆ ಎಳೆಯುವುದೂ ಕಷ್ಟ. ಸ್ವಿಚ್ಚು ಒತ್ತಿದರೆ ಹಿಡಿಯುವ ಪಾರ್ಕಿಂಗ್ ಬ್ರೇಕಿನದೂ ಇದೇ ಸಮಸ್ಯೆ. ಕೈಯಲ್ಲಿ ಎಳೆದು ಕೈಯಲ್ಲಿ ಬಿಡುವ ಹ್ಯಾಂಡ್‌ಬ್ರೇಕಿಗೆ ಕರೆಂಟು ಬೇಡ. ಅದನ್ನೂ ತಿಂಗಳುಗಟ್ಟಲೆ ಎಳೆದಿಡಬಾರದು. ತೇವಕ್ಕೆ ತುಕ್ಕು ಹಿಡಿದು ಹಿಂದಿನ ಡ್ರಮ್ಮಿಗೆ ಬ್ರೇಕು ಅಂಟಿಕೊಳ್ಳುತ್ತದೆ. ಮೊದಲನೇ ಗೇರಿನಲ್ಲಿಟ್ಟು, ಚಕ್ರದ ಹಿಂದೆ ಮುಂದೆ ಮರದ ತುಂಡೋ ಕಲ್ಲೋ ಕೊಟ್ಟರೆ ಸಾಕು.

ಹಳೆಯ ಗಾಡಿಗಳ ನೆನಪು ಬಂದದ್ದರಿಂದ ಅಂಬಾಸಡರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅದು 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಹಳೆಯ ಅಂಬಾಸಡರುಗಳ ಮುಂದಿನ ಬಂಪರಿನಲ್ಲಿ ಒಂದು ತೂತಿರುತ್ತಿತ್ತು. ಅದರಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ಒಂದು ಸುತ್ತು ಜೋರಾಗಿ ತಿರುವಿದರೆ ಎಂಜಿನ್ನು ಕೆಮ್ಮಿ ಎದ್ದು ಕೂರುತ್ತಿತ್ತು. ಕೀಲಿ ತೆಗೆದ ಮೇಲೆ ಅದು ನಿಜವಾಗಿಯೂ ಮಲಗುತ್ತಿತ್ತು, ಒಳಗೆ ಎಚ್ಚರವಿರಲು ಯಾರೂ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಮೊದಲ ವರ್ಷಗಳಲ್ಲಿ ಹೀಗೇ, ಕಾರ್ಬ್ಯುರೇಟರಿನ ಸರಳ ಜೀವಿ. ನಿಲ್ಲಿಸಿಡಲು ಇವುಗಳಿಗಿಂತ ಒಳ್ಳೆಯ ಕಾರುಗಳಿಲ್ಲ ಎಂದು ವಾದಿಸುವ ಹಿರಿಯರು ನಮ್ಮೂರಲ್ಲಿದ್ದಾರೆ. ಅವರ ವಾದದಲ್ಲಿ ಅರ್ಧ ಸತ್ಯವಿದೆ. ಸರಳತೆ ಇತ್ತು, ನಿಜ. ಆದರೆ ತಿಂಗಳು ನಿಂತ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಆರಿ ಅಂಟಾಗಿ ಸಣ್ಣ ತೂತುಗಳನ್ನು ಮುಚ್ಚುತ್ತಿತ್ತು. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಗಾಡಿಗಳನ್ನು ನೋಡುವಾಗಲೆಲ್ಲ ನನ್ನ ಮನಸ್ಸು ಹೋಗುವುದು ಅವುಗಳ ಚಂದದ ಕಡೆಗಲ್ಲ, ಅವನ್ನು ಹಾಗೆ ಉಳಿಸಿಕೊಂಡ ಕೈಗಳ ಕಡೆಗೆ. ಆ ಕೈಗಳು ನಮ್ಮ ಮನೆಯಲ್ಲಿಲ್ಲ.

ಡೀಸೆಲ್ ಬೇಡ ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ. ನಮ್ಮ ಮಲೆನಾಡು ಡೀಸೆಲ್ ಜೀಪಿನ ನಾಡು, ಆ ಸದ್ದು ಕೇಳಿಯೇ ನಾವು ಬೆಳೆದದ್ದು. ಆದರೆ 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರು ಇದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು, ಅದಕ್ಕೆ ಒಳ್ಳೆಯ ವೇಗದಲ್ಲಿ, ಒಳ್ಳೆಯ ಬಿಸಿಯಲ್ಲಿ ಬಹಳ ಹೊತ್ತಿನ ಓಟ ಬೇಕು. ಅಂಗಳದಿಂದ ಅಂಗಡಿಗೆ, ಅಂಗಡಿಯಿಂದ ಅಂಗಳಕ್ಕೆ ಓಡುವ ಕಾರಿನಲ್ಲಿ ಮಸಿ ತುಂಬುತ್ತದೆಯೇ ಹೊರತು ಸುಡುವುದಿಲ್ಲ. ಟ್ಯಾಂಕಿನಲ್ಲಿ ನೀರಿನಂಶ ಸೇರಿದರೆ ಡೀಸೆಲಿನಲ್ಲಿ ಸೂಕ್ಷ್ಮಜೀವಿಗಳೂ ಬೆಳೆದು ಲೋಳೆ ಕಟ್ಟುತ್ತದೆ. ಸಿಎನ್‌ಜಿ ನಮ್ಮ ದಾರಿಯಲ್ಲಿ ಹತ್ತಿರಕ್ಕೆ ಸಿಗುವುದಿಲ್ಲ, ಓಡಿಸಲಿ ಬಿಡಲಿ ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆ ಮಾಡಿಸಲೇಬೇಕು. ಅದನ್ನು ಅಲ್ಲಿಗೇ ಬಿಟ್ಟೆ.

ಕರೆಂಟಿನ ಕಾರಿನ ಮುಂದೆ ಮಾತ್ರ ನಾನು ಬಹಳ ಹೊತ್ತು ನಿಂತೆ. ಎಂಜಿನ್ ಆಯಿಲ್ ಇಲ್ಲ, ಹಳಸುವ ಪೆಟ್ರೋಲ್ ಇಲ್ಲ, ಹೊಗೆ ಕೊಳವೆ ಇಲ್ಲ. ದೊಡ್ಡ ಬ್ಯಾಟರಿಯ ಚಾರ್ಜು ನಿಂತಲ್ಲಿ ಬಹಳ ನಿಧಾನವಾಗಿ ಇಳಿಯುತ್ತದೆ. ಘಾಟಿ ಇಳಿಯುವಾಗ ಚಾರ್ಜು ಮರಳಿ ಸ್ವಲ್ಪ ಸೇರುತ್ತದೆ. ನಿಲ್ಲಲೆಂದೇ ಮಾಡಿದ ಗಾಡಿಯಂತೆ ಕಂಡಿತು. ಆದರೆ ಅದರೊಳಗೂ ದೀಪ, ಬೀಗ, ಕಂಪ್ಯೂಟರುಗಳಿಗೆ ಬೇರೆಯೇ ಒಂದು 12 ವೋಲ್ಟ್ ಬ್ಯಾಟರಿ ಇದೆ, ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ. ಕೆಲವು ಮಾದರಿಗಳು ನಿಂತಿರುವಾಗಲೂ ದೊಡ್ಡದರಿಂದ ಸಣ್ಣದಕ್ಕೆ ತುಂಬಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಇದನ್ನಾದರೂ ಕೇಳಿ ತಿಳಿದು ಆರಿಸಬಹುದಿತ್ತು. ನನ್ನನ್ನು ತಡೆದದ್ದು ಇನ್ನೊಂದು. ಲಿಥಿಯಂ ಬ್ಯಾಟರಿ ಬಹುಕಾಲ ನಿಲ್ಲುವುದಾದರೆ ಅರ್ಧ ಚಾರ್ಜಿನ ಆಸುಪಾಸಿನಲ್ಲಿದ್ದರೆ ಅದಕ್ಕೆ ಕ್ಷೇಮ, ಸದಾ ಪೂರ್ತಿ ತುಂಬಿಟ್ಟರೆ ಬೇಗ ಮುಪ್ಪಾಗುತ್ತದೆ. ಮನೆಯವರ ಕ್ಷೇಮಕ್ಕೋ ಅದು ಪೂರ್ತಿ ತುಂಬಿರಬೇಕು. ಎರಡು ದಿನ ಕರೆಂಟಿಲ್ಲದ ಮಳೆಯಲ್ಲಿ, ಅರ್ಧ ಚಾರ್ಜಿನ ಕಾರಿನಲ್ಲಿ, ಮಣಿಪಾಲದ ದಾರಿ ಹಿಡಿಯಬೇಕಾದವರ ಎದೆಬಡಿತ ಯೋಚಿಸಿ. ಪೇಟೆಯಲ್ಲಿ ಮನೆಯಿದ್ದವರಿಗೆ, ಎರಡನೇ ಗಾಡಿಯಾಗಿ, ನಾನು ಕರೆಂಟಿನ ಕಾರನ್ನೇ ಹೇಳುತ್ತೇನೆ. ನಮ್ಮ ಅಂಗಳಕ್ಕೆ ಇನ್ನೂ ಕೆಲವು ವರ್ಷ ಕಾಯಬೇಕು.

ಹೀಗೆ ಒಂದೊಂದನ್ನೇ ಬದಿಗಿಟ್ಟ ಮೇಲೆ ಉಳಿದದ್ದು ಸಾಧಾರಣ ಪೆಟ್ರೋಲ್ ಕಾರು, ಮ್ಯಾನ್ಯುವಲ್ ಗೇರು, ಕೈ ಬ್ರೇಕು. ಪೆಟ್ರೋಲಿಗೂ ಈಗ ತನ್ನದೇ ತೊಂದರೆಯಿದೆ. ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸುತ್ತಾರೆ. ಎಥೆನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತೇವ. ನೀರು ಹೆಚ್ಚಾದರೆ ಅದು ಎಥೆನಾಲನ್ನೂ ಎಳೆದುಕೊಂಡು ಟ್ಯಾಂಕಿನ ತಳ ಸೇರುತ್ತದೆ, ಪಂಪು ಮೊದಲು ಎಳೆಯುವುದು ಆ ತಳದ್ದನ್ನೇ. ಆದ್ದರಿಂದ 2023ರ ಏಪ್ರಿಲ್ ನಂತರ ಬಂದ, ಈ ಬೆರಕೆಗೆ ಹೊಂದುವ ರಬ್ಬರು ಪೈಪುಗಳಿರುವ ಕಾರೇ ಇರಲಿ ಎಂದು ನಾನು ಹಟ ಹಿಡಿದೆ. ಮಳೆ ಹಿಡಿಯುವ ಮುಂಚೆ ಟ್ಯಾಂಕು ತುಂಬಿಸಿಡುವುದು ನಮ್ಮ ಪದ್ಧತಿ. ಖಾಲಿ ಜಾಗ ಕಡಿಮೆಯಾದಷ್ಟೂ ಒಳಗಿನ ತೇವದ ಗಾಳಿ ಕಡಿಮೆ, ರಾತ್ರಿ ಹೊರಡಬೇಕಾದರೆ ಬಂಕು ಹುಡುಕುವ ಚಿಂತೆಯೂ ಇಲ್ಲ.

ಹಳೆಯದೋ ಹೊಸದೋ ಎಂಬ ಪ್ರಶ್ನೆಯಲ್ಲಿ ಚಿಕ್ಕಪ್ಪನಿಗೂ ನನಗೂ ಬಹಳ ಚರ್ಚೆ ನಡೆಯಿತು. ನಿಲ್ಲಿಸಲು ಹೊಸ ಕಾರು ಯಾಕೆ ಎಂಬುದು ಅವರ ವಾದ. ಬೆಂಗಳೂರಿನಲ್ಲಿ ಕಡಿಮೆ ಓಡಿದ ಹಳೆಯ ಕಾರು ಅರ್ಧ ಬೆಲೆಗೆ ಸಿಗುತ್ತದೆ ಎಂಬುದೂ ದಿಟ. ಆದರೆ ಮೀಟರಿನಲ್ಲಿ ಕಿಲೋಮೀಟರ್ ಕಡಿಮೆಯಿದ್ದರೆ ಕಾರಿಗೆ ವಯಸ್ಸಾಗಿಲ್ಲ ಎಂದು ಅರ್ಥವಲ್ಲ, ಅದೂ ಎಲ್ಲೋ ನಿಂತಿತ್ತು ಎಂದು ಅರ್ಥ. ರಬ್ಬರಿಗೆ ವಯಸ್ಸಾಗುವುದು ದಿನದ ಲೆಕ್ಕದಲ್ಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೈಮೇಲಿನ ಗೀರುಗಳು ಹೊಸದರಂತೆ ಆಳವಾಗಿದ್ದರೂ ಆರೇಳು ವರ್ಷದ ಟೈರನ್ನು ಮಳೆಯ ಘಾಟಿಯಲ್ಲಿ ನಂಬಲು ನನಗೆ ಮನಸ್ಸಿಲ್ಲ. ಎಂಜಿನ್ನಿನೊಳಗಿನ ಟೈಮಿಂಗ್ ಬೆಲ್ಟೂ ಹಾಗೆಯೇ, ಓಡದಿದ್ದರೂ ವರ್ಷ ಕಳೆದರೆ ಬದಲಿಸಬೇಕು. ಬೆಲ್ಟಿನ ಬದಲು ಚೈನು ಇರುವ ಎಂಜಿನ್ ಆದರೆ ಆ ಯೋಚನೆ ತಪ್ಪಿತು. ಇನ್ನು ಕಾಗದಪತ್ರ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹನ್ನೆರಡು ವರ್ಷದ ಕಾರನ್ನು ಅಗ್ಗಕ್ಕೆ ತಂದವರು ಮೂರೇ ವರ್ಷದಲ್ಲಿ ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಬೇಕು. ನಿಂತ ಕಾರಿಗೆ ವಿಮೆ ಯಾಕೆ ಎಂದು ಕಟ್ಟದೆ ಬಿಡುವವರೂ ಇದ್ದಾರೆ. ಅವಧಿ ಮುಗಿದು 90 ದಿನ ದಾಟಿದರೆ ವರ್ಷಗಳಿಂದ ಕೂಡಿಸಿದ ನೋ ಕ್ಲೇಮ್ ಬೋನಸ್ ಹೋಗುತ್ತದೆ, ವಿಮೆಯಿಲ್ಲದೆ ರಸ್ತೆಗಿಳಿಯುವುದು ಕಾನೂನಿಗೂ ವಿರುದ್ಧ. ಕಡಿಮೆ ಓಡಿಸುವವರಿಗೆ ಓಡಿದಷ್ಟಕ್ಕೆ ಕಂತು ಎಂಬ ಬಗೆಯ ವಿಮೆಗೆ 2022ರಲ್ಲಿ ಅನುಮತಿ ಸಿಕ್ಕಿದೆ, ನಮ್ಮಂಥವರು ಕೇಳಿ ಪಡೆಯಬೇಕಾದದ್ದು ಅದು.

ಕೊನೆಗೆ ಎರಡು ವರ್ಷ ಹಳೆಯದಾದ ವ್ಯಾಗನ್‌ಆರ್ ಆಯಿತು. ಅದನ್ನು ಒಪ್ಪಿದ್ದು ಅಮ್ಮ, ಅದೂ ಅವಳದೇ ಕಾರಣಕ್ಕೆ. ನಾವಿಬ್ಬರೂ ಬಾನೆಟ್ ಎತ್ತಿ ಒಳಗೆ ಇಣುಕುತ್ತಿದ್ದಾಗ ಅವಳು ಹಿಂದಿನ ಬಾಗಿಲು ತೆಗೆದು ಕೂತು, ಇಳಿದು, ಮತ್ತೆ ಕೂತು ನೋಡಿದಳು. "ಇದ್ರಲ್ಲಿ ಮಂಡಿ ಮಡಚದೆ ಕೂರ್ಬಹುದು ಕಣೋ, ಬೇರೆ ಕಾರಲ್ಲಿ ಹೊಂಡಕ್ಕೆ ಇಳ್ದಂಗೆ ಆಗ್ತದೆ" ಎಂದಳು. ನಾನು ಓದಿದ ಯಾವ ಪುಟದಲ್ಲೂ ಈ ಮಾತು ಇರಲಿಲ್ಲ. ಎದೆ ನೋವಿರುವವರನ್ನು, ಸೊಂಟ ಮುರಿದವರನ್ನು ಕೂರಿಸಬೇಕಾದ ಕಾರಿಗೆ ಬಾಗಿಲಿನ ಎತ್ತರಕ್ಕಿಂತ ಮುಖ್ಯವಾದದ್ದು ಏನಿದೆ! ಅದರ ಕೆ ಸರಣಿಯ ಎಂಜಿನ್ನಿನಲ್ಲಿ ಚೈನು ಇದೆ, ತೀರ್ಥಹಳ್ಳಿಯಲ್ಲೂ ಕೊಪ್ಪದಲ್ಲೂ ಬಿಡಿಭಾಗ ಸಿಗುತ್ತದೆ, ನಮ್ಮೂರ ಮೆಕ್ಯಾನಿಕ್‌ನ ಕೈ ಅದರ ಮೇಲೆ ಪಳಗಿದೆ. ಆ ಮೂರೂ ಅಮ್ಮನ ಮಾತಿನ ಹಿಂದೆ ಬಂದವು.

ಕಾರು ಬಂದ ಮೇಲೆ ಅದಕ್ಕೆ ಜಾಗ ಆರಿಸುವುದೂ ಕಾರು ಆರಿಸಿದಷ್ಟೇ ದೊಡ್ಡ ಕೆಲಸ. ನಮ್ಮ ಹಳೆಯ ಶೆಡ್ಡಿನಲ್ಲಿ ಗೊಬ್ಬರದ ಚೀಲ, ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತದ ಡಬ್ಬ, ಹಸುವಿನ ಹಿಂಡಿ ಎಲ್ಲ ಒಟ್ಟಿಗಿದ್ದವು. ಗೊಬ್ಬರ, ಮೈಲುತುತ್ತ ಎರಡೂ ತೇವದ ಗಾಳಿಯಲ್ಲಿ ಲೋಹ ತಿನ್ನುವಂಥವು. ಹಿಂಡಿಯ ವಾಸನೆಗೆ ಇಲಿ ಬರುತ್ತದೆ, ಹೊಟ್ಟೆ ತುಂಬಿದ ಇಲಿ ಮನೆ ಮಾಡಲು ಬಾನೆಟ್ಟಿನೊಳಗೆ ಹೋಗುತ್ತದೆ. ಏರ್ ಫಿಲ್ಟರಿನ ಡಬ್ಬಿಯಲ್ಲಿ ಅಡಿಕೆ ಸಿಪ್ಪೆ, ಬಟ್ಟೆ ಚೂರು ತುಂಬಿ ಗೂಡು ಕಟ್ಟಿದ್ದನ್ನು ಪಕ್ಕದ ಮನೆಯಲ್ಲಿ ನಾನೇ ಕಂಡಿದ್ದೇನೆ. ವೈರು ಕಡಿದರೆ ಎಂಥ ಒಳ್ಳೆಯ ಬ್ಯಾಟರಿಯಿದ್ದರೂ ವ್ಯರ್ಥ. ಹೊಗೆಸೊಪ್ಪಿನ ಎಲೆ ಇಡುವುದು ನಮ್ಮ ಕಡೆಯ ರೂಢಿ, ಇಟ್ಟಿದ್ದೇವೆ. ಅದಕ್ಕಿಂತ ಹಿಂಡಿಯ ಚೀಲವನ್ನು ದೂರ ಸಾಗಿಸಿದ್ದೇ ಹೆಚ್ಚು ಫಲ ಕೊಟ್ಟಿತು. ನೆಲಕ್ಕೆ ಸಿಮೆಂಟು ಹಾಕಿಸಿದೆವು, ಮಣ್ಣಿನ ತೇವ ಕೆಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸುವುದಿಲ್ಲ, ಒಳಗೆ ಬೆವರಿ ಬೂಷ್ಟು ಬರುತ್ತದೆ. ಮಳೆ ಬಿಟ್ಟು ಬಿಸಿಲು ಕಂಡ ದಿನ ನಾಲ್ಕೂ ಬಾಗಿಲು ತೆರೆದಿಡುತ್ತಾರೆ.

ಇಷ್ಟಾದರೂ ಬ್ಯಾಟರಿಯ ಪ್ರಶ್ನೆ ಹಾಗೆಯೇ ಇತ್ತು. ಹತ್ತು ನಂಬರಿನ ಸ್ಪ್ಯಾನರಿನಲ್ಲಿ ನೆಗೆಟಿವ್ ತಂತಿ ಕಳಚಿಡುವುದು ಎಲ್ಲಕ್ಕಿಂತ ಸುಲಭ. ಆದರೆ ಆ ರಾತ್ರಿ ಟಾರ್ಚು ಹಿಡಿದು ಸ್ಪ್ಯಾನರ್ ಹುಡುಕುವವರು ಯಾರು? ಸಣ್ಣ ಚಾರ್ಜರನ್ನು ಸದಾ ಹಚ್ಚಿಡಬಹುದು, ಸಿಡಿಲಿನ ನಾಡಿನಲ್ಲಿ ಅದನ್ನು ಕಾರಿಗೆ ಜೋಡಿಸಿ ನಿದ್ದೆ ಮಾಡಲು ಚಿಕ್ಕಪ್ಪ ಒಪ್ಪಲಿಲ್ಲ, ಅವರ ಭಯ ಸರಿಯಾದದ್ದೇ. ಊರಿನ ಬಹಳಷ್ಟು ಹಿರಿಯರು ಮಾಡುವ ಹಾಗೆ ಭಾನುವಾರ ಬೆಳಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ಗುರುಗುಟ್ಟಿಸಿ ಆರಿಸುವುದು ಚಿಕ್ಕಪ್ಪನ ಯೋಜನೆಯಾಗಿತ್ತು. ನಾನು ಬೇಡವೆಂದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ನೂ ಹೊಗೆ ಕೊಳವೆಯೂ ಚೆನ್ನಾಗಿ ಬಿಸಿಯಾದರೆ ಅದು ಹೊರಗೆ ಹೋಗುತ್ತದೆ. ಐದೇ ನಿಮಿಷದಲ್ಲಿ ಆರಿಸಿದರೆ ಅಲ್ಲೇ ತಣಿದು, ಆಯಿಲ್ ಸೇರಿ, ಸೈಲೆನ್ಸರನ್ನು ಒಳಗಿನಿಂದ ತಿನ್ನುತ್ತದೆ. ಸ್ಟಾರ್ಟಿಗೆ ಖರ್ಚಾದದ್ದು ಬ್ಯಾಟರಿಗೆ ಮರಳಬಹುದು, ವಾರವೆಲ್ಲ ಸದ್ದಿಲ್ಲದೆ ಸೋರಿದ್ದು ಮರಳುವುದಿಲ್ಲ. ಬೇಕಾದದ್ದು ಮುಕ್ಕಾಲು ಗಂಟೆಯ ನಿಜವಾದ ಓಟ. ಅದರಲ್ಲಿ ಬ್ರೇಕಿನ ತುಕ್ಕು ಉಜ್ಜಿ ಹೋಗಬೇಕು, ಟೈರು ಹೊರಳಬೇಕು, ಹತ್ತು ನಿಮಿಷ ಎಸಿ ಓಡಿ ಅದರ ಕಂಪ್ರೆಸರಿನ ಸೀಲಿಗೆ ಎಣ್ಣೆ ತಾಗಬೇಕು.

ಅಂದರೆ ಕಾರಿಗೆ ಒಬ್ಬ ಮನುಷ್ಯ ಬೇಕು. ಯಾವ ಕಂಪನಿಯೂ ಅದನ್ನು ಕಾರಿನ ಜೊತೆ ಕೊಡುವುದಿಲ್ಲ. ಚಿಕ್ಕಪ್ಪ ಹಗಲಲ್ಲಿ ಓಡಿಸುತ್ತಾರೆ, ಕತ್ತಲಾದರೆ ಎದುರಿನ ದೀಪಕ್ಕೆ ಅವರ ಕಣ್ಣು ಮಂಜಾಗುತ್ತದೆ. ಆಚೆ ಮನೆಯ ಹುಡುಗ ಪಿಕಪ್ ಓಡಿಸಿ ಜೀವನ ಮಾಡುವವನು, ಆಗುಂಬೆಯ ತಿರುವುಗಳನ್ನು ಬಲ್ಲವನು. ಅವನ ಮನೆಯಲ್ಲಿ ಒಂದು ಕೀಲಿ ಇಡುವುದೆಂದು ತೀರ್ಮಾನವಾಯಿತು. ಹದಿನೈದು ದಿನಕ್ಕೊಮ್ಮೆ ಅವನೋ ಚಿಕ್ಕಪ್ಪನೋ ಕಾರನ್ನು ಹೊರಡಿಸಬೇಕು, ಬಂದ ಮೇಲೆ ಮೂತಿಯನ್ನು ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಬೇಕು. "ಸುಮ್ನೆ ಖಾಲಿ ಗಾಡಿ ಓಡ್ಸದು ಎಂಥಕ್ಕೆ ಅಣ್ಣ, ಅಮ್ಮನ್ನೂ ಕರ್ಕಂಡು ಹೋಗ್ತೀನಿ" ಎಂದ ಹುಡುಗ. ಅದು ನನಗೆ ಹೊಳೆದಿರಲಿಲ್ಲ.

ಆಮೇಲಿನ ಸುದ್ದಿಯೆಲ್ಲ ಫೋನಿನಲ್ಲಿ ಬರುತ್ತಿದೆ. ಮೊದಲು ತೀರ್ಥಹಳ್ಳಿಯ ಸಂತೆಗೆ ಹೋದರು. ಮುಂದಿನ ಸಲ ಕಣ್ಣಿನ ಡಾಕ್ಟರ ಹತ್ತಿರ. ಬಸ್ಸಿನಲ್ಲಿ ಮಂಡಿ ನೋವೆಂದು ಬಿಟ್ಟೇಬಿಟ್ಟಿದ್ದ ಶೃಂಗೇರಿಗೂ ಅಮ್ಮ ಹೋಗಿ ಬಂದಳು, ತುಂಗೆಯಲ್ಲಿ ಮೀನು ನೋಡಿದಳು. ಕೊಪ್ಪದಲ್ಲಿರುವ ಅವಳ ತಂಗಿಯ ಮನೆಗೆ ಹೋದಾಗ ಇಬ್ಬರೂ ಮಧ್ಯಾಹ್ನವೆಲ್ಲ ಮಾತಾಡಿದರಂತೆ, ಹುಡುಗನಿಗೆ ಎರಡು ಸಲ ಕಾಫಿಯಾಯಿತಂತೆ. ಬ್ಯಾಟರಿ 12.5 ತೋರಿಸುತ್ತಿದೆ ಎಂದು ಚಿಕ್ಕಪ್ಪ ಹೇಳಿದರು, ಮೀಟರ್ ಹಿಡಿಯುವುದನ್ನು ಅವರು ಚೆನ್ನಾಗಿ ಕಲಿತಿದ್ದಾರೆ. ಅವರ ಕೈಯಿಂದ ಫೋನು ತೆಗೆದುಕೊಂಡು ಅಮ್ಮ ಕೇಳಿದಳು: "ಹೋದ ಸಲ ಕೊಪ್ಪ ಆಯ್ತಲ್ಲ, ಈ ಸಲ ಹರಿಹರಪುರದವರೆಗೆ ಹೋಗಿ ಬಂದ್ರೆ ಬ್ಯಾಟರಿಗೆ ಸಾಕಾಗ್ತದಾ, ಇನ್ನೂ ಸ್ವಲ್ಪ ದೂರ ಹೋಗ್ಬೇಕಾ?"